ಸಿಹಿ ನೀರಿನ ಮನೆ

ಮುಂಬೈ ಬಳಿಯ ಗೋರೆಗಾಂವ್ ಸ್ಟೇಷನ್ನಿನ ಪಶ್ಚಿಮಕ್ಕಿರುವ ಆ ಮನೆಯನ್ನು ಬಸವಂತಪ್ಪ ಕೊಂಡದ್ದು ೧೯೫೫ರ ಕಾರ್ತಿಕದಲ್ಲಿ. ಕೊಳ್ಳಬಹುದು ಎಂದು ತೀರ್ಪು ಕೊಟ್ಟವಳು ಅವನ ತಾಯಿ ರಾಚವ್ವ. ಗೋಡೆ, ಹಂಚು, ಕಾಗದಪತ್ರ ಯಾವುದರ ಬಗ್ಗೆಯೂ ಆಕೆ ಕೇಳಲಿಲ್ಲ. ನೇರ ಹಿತ್ತಲಿಗೆ ಹೋಗಿ, ಮೊಮ್ಮಗಳು ವಿನೋದಿನಿಯಿಂದ ಬಾವಿಯ ನೀರು ಸೇದಿಸಿ, ಬೊಗಸೆಯೊಡ್ಡಿ ಕುಡಿದಳು.

ಬಿಜಾಪುರ ಜಿಲ್ಲೆಯ ಬಾಗೇವಾಡಿ ಕಡೆಯ ಆಕೆಯ ಊರಿನಲ್ಲಿ ಅದು ಪದ್ಧತಿ. ಮನೆ ಕೊಳ್ಳುವ ಮುಂಚೆ, ಹೆಣ್ಣು ಕೊಡುವ ಮುಂಚೆ, ಆ ಮನೆಯ ನೀರು ಕುಡಿದು ನೋಡುತ್ತಾರೆ. ಅಲ್ಲಿ ಬಾವಿಗಳಲ್ಲಿ ಎರಡೇ ಜಾತಿ. ಒಂದು ಸಿಹಿ, ಇನ್ನೊಂದು ಸವಳು. ಸವಳು ಬಾವಿಯ ನೀರು ಉಪ್ಪು. ದನಕ್ಕೂ ಬಟ್ಟೆಗೂ ಅಷ್ಟೇ. ಯಾವ ಬಾವಿ ಯಾವ ಜಾತಿಯದು ಎಂಬುದು ಆಕೆಯ ಅಜ್ಜಿಯ ಕಾಲದಿಂದ ಬದಲಾಗಿರಲಿಲ್ಲ.

ಮನೆಗೆ ಬೇಕಾದ ಹಣದ ದೊಡ್ಡ ಪಾಲು ರಾಚವ್ವನ ಹೆಸರಿನಲ್ಲಿದ್ದ ಹೊಲ ಮಾರಿ ಬರಬೇಕಾಗಿತ್ತು. ಗಂಡ ಸತ್ತ ಮೇಲೆ ಆಕೆಯದು ಎಂದು ಉಳಿದದ್ದು ಆ ಹೊಲ ಒಂದೇ. ಊರಿನಲ್ಲಿ ತಮ್ಮ ಸಂಗಪ್ಪ ಅದನ್ನು ನೋಡಿಕೊಳ್ಳುತ್ತಿದ್ದ. "ಮಾರೂದಾದ್ರ ಸಿಹಿ ನೀರಿಗಿ ಮಾರ್ತೀನಿ. ಸವಳಿಗಿ ಮಾರೂದಿಲ್ಲ" ಎಂದು ಆಕೆ ಮಗನಿಗೆ ಮೊದಲೇ ಹೇಳಿದ್ದಳು.

ಮನೆ ಮಾರುವವನು ಶಿವಪುತ್ರಪ್ಪ, ಹುಬ್ಬಳ್ಳಿ ಕಡೆಯವನು, ಗ್ರಾಂಟ್ ರೋಡಿನಲ್ಲಿ ಪಾತ್ರೆ ಅಂಗಡಿ ಇಟ್ಟವನು. ಅವನು ನೀರನ್ನು ಹೊಗಳಲಿಲ್ಲ.

"ನಾ ಹೇಳೂದು ಬ್ಯಾಡ್ರಿ ಅವ್ವಾರ. ನೀವ ಕುಡದು ನೋಡ್ರಿ" ಎಂದ.

ರಾಚವ್ವ ಬಾಯಿ ಒರೆಸಿಕೊಂಡಳು. "ಸಿಹಿ ಅದ. ನಮ್ಮೂರ ಮಠದ ಬಾವಿ ನೀರು ಕುಡದಾಂಗ ಆತು."

ಪಕ್ಕದ ಚಾಳಿನ ಗಂಗುಬಾಯಿಯೂ ಅದೇ ಬಾವಿಯಲ್ಲಿ ನೀರು ಸೇದುವವಳು. ಕೊಡ ಕಟ್ಟೆಯ ಮೇಲಿಟ್ಟು ಮುದುಕಿಯನ್ನು ನೋಡಿ ಮರಾಠಿಯಲ್ಲಿ ಹೇಳಿದಳು: "ಆಜೀ, ಉನ್ಹಾಳ್ಯಾತ್ ಖಾರಂ ಹೋತಂ, ಹಾಂ."

ಪರೇಲಿನ ಚಾಳಿನಲ್ಲಿ ಮಗನ ಜೊತೆ ಎರಡು ವರ್ಷ ಇದ್ದರೂ ರಾಚವ್ವನಿಗೆ ಮರಾಠಿ ಬಂದಿರಲಿಲ್ಲ. ಉನ್ಹಾಳಾ ಎಂದರೆ ಬೇಸಿಗೆ ಎಂದಷ್ಟು ಗೊತ್ತಿತ್ತು. ಖಾರ ಎಂದರೆ ತನ್ನ ಮಾತೇ ಎಂದುಕೊಂಡಳು. ಬೇಸಿಗೆಯಲ್ಲಿ ಆಕೆಯ ಕಡೆಯ ಹೆಂಗಸರಿಗೆಲ್ಲ ಅದೇ ಕೆಲಸ: ಮೆಣಸಿನಕಾಯಿ ಒಣಗಿಸಿ, ಮಸಾಲೆ ಹುರಿದು, ವರ್ಷಕ್ಕಾಗುವಷ್ಟು ಖಾರ ಕುಟ್ಟಿಡುವುದು.

"ಹೌದವ್ವಾ, ನಮ್ಮಲ್ಲೂ ಬ್ಯಾಸಗ್ಯಾಗ ಖಾರ" ಎಂದು ರಾಚವ್ವ ಎರಡೂ ಕೈಯಿಂದ ಒನಕೆ ಎತ್ತಿ ಹಾಕುವಂತೆ ಮಾಡಿ ತೋರಿಸಿದಳು. "ನೀವೂ ಬರ್ರಿ, ಕೂಡೇ ಕುಟ್ಟೂಣು."

ಗಂಗುಬಾಯಿ ಸ್ವಲ್ಪ ಹೊತ್ತು ಆ ಕೈಗಳನ್ನು ನೋಡಿದಳು. ಆಮೇಲೆ ತಲೆಯಾಡಿಸಿ ಕೊಡ ಹೊತ್ತು ಹೋದಳು. ಮರಾಠಿ ಶಾಲೆಯಲ್ಲಿ ಎಂಟನೆಯ ಇಯತ್ತೆ ಓದುತ್ತಿದ್ದ ವಿನೋದಿನಿ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ಶಿವಪುತ್ರಪ್ಪ ಬಗ್ಗಿ ಕಟ್ಟೆಯ ಮೇಲಿನ ಎಲೆಗಳನ್ನು ಗುಡಿಸತೊಡಗಿದ.

ಹೊಲ ಮಾರಾಟವಾಯಿತು. ಪುಷ್ಯ ಮುಗಿದ ಮೇಲೆ ಸಂಸಾರ ಪರೇಲಿನಿಂದ ಗೋರೆಗಾಂವಿಗೆ ಬಂತು.

ಮೊದಲ ವಾರಗಳಲ್ಲಿ ಮನೆಯ ಚಿಕ್ಕಪುಟ್ಟ ಗುಣಗಳು ಒಂದೊಂದಾಗಿ ಹೊರಬಿದ್ದವು. ಅಡುಗೆಮನೆಯ ಕಿಟಕಿ ತೆಗೆದರೆ ಪಕ್ಕದ ಗೋಡೆ; ಹೊಗೆ ಒಳಗೇ ಸುತ್ತುತ್ತಿತ್ತು. ಬಚ್ಚಲಿಗೆ ಹಾಕಿದ ನೀರು ಹೊಸ್ತಿಲಿಗೆ ಬರುತ್ತಿತ್ತು. ಹಿಂಬಾಗಿಲ ಚೌಕಟ್ಟಿಗೆ ಹೊಸ ಬಣ್ಣ ಬಳಿದಿದ್ದರು. ಬಸವಂತಪ್ಪನ ಹೆಂಡತಿ ಚಂದ್ರವ್ವ ಒರೆಸುವಾಗ ಬಣ್ಣದ ಪದರು ಮಾತ್ರ ಕೈಗೆ ಬಂತು, ಒಳಗಿನ ಮರವೆಲ್ಲ ಗೆದ್ದಲು.

"ಮನಿ ಅಂದ ಮ್ಯಾಲೆ ಇರ್ತದ" ಎಂದ ಬಸವಂತಪ್ಪ. ಕಾಳಬಾದೇವಿಯ ಜವಳಿ ಅಂಗಡಿಯಲ್ಲಿ ಕಾರಕೂನನಾಗಿದ್ದ ಅವನು ಬೆಳಿಗ್ಗೆ ಲೋಕಲ್ ಹಿಡಿದು ಹೋದರೆ ದೀಪ ಹಚ್ಚಿದ ಮೇಲೆ ಬರುತ್ತಿದ್ದ.

"ಬಾಗಿಲಾ ಇಲ್ಲದಿದ್ರೂ ನಡೀತದ್ರಿ. ಮನಿಯೊಳಗ ನೀರು ಅದಲ್ಲ, ಅಷ್ಟ ಸಾಕು ನನಗ" ಎಂದಳು ಚಂದ್ರವ್ವ. ಚಾಳಿನಲ್ಲಿ ಹದಿನೈದು ವರ್ಷ ಸಂಜೆ ನಳದ ಪಾಳಿಯಲ್ಲಿ ನಿಂತವಳ ಮಾತು ಅದು.

ಶಿವರಾತ್ರಿಯ ಸುಮಾರಿಗೆ ಬಸವಂತಪ್ಪ ಪೇಟೆಯಿಂದ ಬರುವಾಗ ಅಡುಗೆ ಸೋಡಾದ ಪೊಟ್ಟಣ ತಂದ. ಯಾರೂ ತರಲು ಹೇಳಿರಲಿಲ್ಲ. "ಇರಲಿ, ಬೇಕಾಗ್ತದ" ಎಂದು ಗೂಡಿನಲ್ಲಿಟ್ಟ.

ಅದಾದ ವಾರದಲ್ಲೇ ಬೇಳೆ ಬೇಯುವುದು ನಿಂತಿತು.

"ಇದು ಸಾರೋ, ಬ್ಯಾಳಿ ತೊಳದ ನೀರೋ?" ರಾಚವ್ವ ತಾಟಿನಲ್ಲಿ ಬೆರಳಾಡಿಸಿ ಕೇಳಿದಳು.

"ಎರಡು ತಾಸು ಕುದಿಸೀನ್ರಿ ಅತ್ತಿ. ಇದ್ದಲಿ ಮುಗೀತು, ಬ್ಯಾಳಿ ಹಾಂಗ ಅದ."

"ಇಷ್ಟು ವರ್ಷ ಆತು ನಮ್ಮನಿಗಿ ಬಂದು. ಬ್ಯಾಳಿ ಬೇಯಸೂದು ನಾ ಈಗ ಕಲಸ್ಲ್ಯಾ?"

"ಚಾಳಿನ್ಯಾಗ ಬೇಯ್ತಿತ್ತಲ್ರಿ."

"ಚಾಳಿನ್ಯಾಗ ನಿನ್ನ ಲಕ್ಷ್ಯ ಒಲಿ ಮ್ಯಾಲೆ ಇತ್ತು. ಇಲ್ಲಿ ಓಣಿ ಮ್ಯಾಲೆ ಅದ."

ಬಸವಂತಪ್ಪ ತಲೆ ಎತ್ತದೆ ಉಂಡ. "ಚಿಟಿಕಿ ಸೋಡಾ ಹಾಕು" ಎಂದಷ್ಟೇ ಹೇಳಿ ಕೈ ತೊಳೆಯಲು ಎದ್ದ.

ಚಂದ್ರವ್ವ ಕಿರಾಣಿ ಅಂಗಡಿ ಬದಲಿಸಿದಳು. ಹೊಸ ಅಂಗಡಿಯ ಬೇಳೆಯೂ ಹಾಗೇ. ಸೋಡಾ ಹಾಕಿದರೆ ಬೇಳೆ ಕರಗುತ್ತಿತ್ತು, ಆದರೆ ಸಾರಿಗೆ ಸಾಬೂನಿನ ವಾಸನೆ. ಚಹಾಕ್ಕೆ ಹಾಕಿದ ಹಾಲು ಒಡೆಯತೊಡಗಿತು. ಬಟ್ಟೆಗೆ ಸಾಬೂನು ತಿಕ್ಕಿದಷ್ಟೂ ನೊರೆ ಬರಲಿಲ್ಲ. ವಿನೋದಿನಿಯ ತಲೆಗೂದಲು ಎರೆದುಕೊಂಡ ಮೇಲೂ ಅಂಟಂಟಾಗಿಯೇ ಇರುತ್ತಿತ್ತು.

"ನೀರಿನ ರುಚಿ ಯಾಕೋ ಬ್ಯಾರೆ ಆಗೇದ್ರಿ" ಎಂದು ಚಂದ್ರವ್ವ ಒಂದು ದಿನ ಹೇಳಿದಳು.

"ನೀರಿನ ಸುದ್ದಿ ತಗೀಬ್ಯಾಡ" ಎಂದಳು ರಾಚವ್ವ. "ನೀರು ನಾ ಕುಡದು ನೋಡೀನಿ. ನಿನ್ನ ಕೈಗುಣಕ್ಕ ಬಾವೀನ್ಯಾಕ ಬೈತಿ?"

ಹೊಲ ಮಾರಿ ಮನೆ ಕೊಡಿಸಿದವಳ ನಾಲಿಗೆಯನ್ನು ಸೊಸೆ ಸುಳ್ಳು ಮಾಡುವಂತಿರಲಿಲ್ಲ. ಆದರೆ ರಾಚವ್ವ ದಿನಾ ಬೆಳಿಗ್ಗೆ ಮಿಂದು ಲಿಂಗಪೂಜೆ ಮಾಡಿ, ಅದೇ ಬಾವಿಯ ನೀರನ್ನು ತೀರ್ಥವೆಂದು ಕುಡಿಯುತ್ತಿದ್ದಳು. ಉಪ್ಪು ಮನೆಯಲ್ಲಿ ಎಲ್ಲರಿಗಿಂತ ಮೊದಲು ತಗುಲಿದ್ದು ಆಕೆಯ ನಾಲಿಗೆಗೆ. ಆಕೆ ನುಂಗಿದಳು, ಯಾರಿಗೂ ಹೇಳಲಿಲ್ಲ.

ಯುಗಾದಿಗೆ ಪರೇಲಿನ ಹಳೆಯ ನೆರೆಯವನು ಕಾಂತಪ್ಪ ಹೊಸ ಮನೆ ನೋಡಲು ಬಂದ. ಹೋಳಿಗೆ ಮಾಡಬೇಕು. ಚಂದ್ರವ್ವ ಕಡಲೆಬೇಳೆಯನ್ನು ಹಿಂದಿನ ಸಂಜೆಯೇ ನೆನೆಹಾಕಿ, ನಸುಕಿನಲ್ಲಿ ಒಲೆಗೇರಿಸಿದಳು. ಸೂರ್ಯ ನೆತ್ತಿಗೆ ಬಂದರೂ ಬೇಳೆ ಒರಳಿನ ಗುಂಡಿನ ಕೆಳಗೆ ಹರಳಿನಂತೆ ಸಿಡಿಯಿತು. ಹೂರಣ ತರಿತರಿಯಾಗಿ ಕಣಕ ಹರಿದು ಹೊರಬಂತು. ಬಡಿಸಲೇಬೇಕಾಗಿತ್ತು, ಬಡಿಸಿದಳು.

"ವೈನಿ, ಹೂರಣದಾಗ ಉಸುಕು ಹಾಕೀರೇನ್ರಿ? ಹೊಸಾ ಮನಿ ಕಟ್ಟಿದ್ದು ಉಳಿದಿತ್ತೇನು?" ಎಂದು ಕಾಂತಪ್ಪ ನಕ್ಕ. ಅವನು ಕುಶಾಲಿನ ಮನುಷ್ಯ. ಮನಸ್ಸಿನಲ್ಲಿ ಏನೂ ಇರಲಿಲ್ಲ. ನೀರಿನ ಗ್ಲಾಸು ತುಟಿಗೆ ಹಚ್ಚಿ ಕೆಳಗಿಟ್ಟ, ಮತ್ತೆ ಮುಟ್ಟಲಿಲ್ಲ.

"ನಮ್ಮ ಸೊಸಿಗಿ ಸ್ವಂತ ಮನಿ ಸೊಕ್ಕು ಬಂದದಪಾ. ಒಲಿ ಮುಂದ ಕೂಡಾಕ ಬ್ಯಾಸರ" ಎಂದಳು ರಾಚವ್ವ.

ಕಾಂತಪ್ಪ ಸಂಜೆಯ ಲೋಕಲ್ಲಿಗೆ ಹೋದ ಮೇಲೆ ಚಂದ್ರವ್ವ ಹಿತ್ತಲಿಗೆ ಹೋಗಿ ನೀರು ಸೇದಿದಳು. ಗ್ಲಾಸು ತುಂಬಿಸಿ ತಂದು ಅತ್ತೆಯ ಮುಂದೆ ನೆಲದ ಮೇಲಿಟ್ಟಳು.

"ಕುಡದು ನೋಡ್ರಿ ಅತ್ತಿ."

ಬಸವಂತಪ್ಪ ಪೇಪರು ಓದುತ್ತಿದ್ದ. "ಹಬ್ಬದ ದಿನ ಏನ್ ಇದು?" ಎಂದ.

ರಾಚವ್ವ ಗ್ಲಾಸು ಎತ್ತಿದಳು. ಒಂದು ಹನಿ ಉಳಿಸದೆ ಕುಡಿದು, ಬರಿದಾದ ಗ್ಲಾಸನ್ನು ಸೊಸೆಯ ಕಡೆ ತಳ್ಳಿದಳು.

"ಸಿಹಿ ಅದ" ಎಂದಳು.

ಮುಂದಿನ ವಾರ ರಾಚವ್ವ ಬಾವಿಯ ಕಟ್ಟೆಯ ಮೇಲೆ ಕೂತು ವಿನೋದಿನಿಯಿಂದ ನೀರು ಸೇದಿಸುತ್ತಿದ್ದಾಗ ಗಂಗುಬಾಯಿ ಬಂದಳು. ಆಕೆಯ ಕೈಯಲ್ಲಿ ತಿಕ್ಕುವ ಪಾತ್ರೆಗಳಿದ್ದವು, ಕುಡಿಯುವ ಕೊಡ ಇರಲಿಲ್ಲ. ಹೋಳಿಯಿಂದ ಮಳೆಯವರೆಗೆ ಕುಡಿಯುವ ನೀರನ್ನು ಆ ಚಾಳಿನ ಹೆಂಗಸರು ರೈಲು ಹಳಿ ದಾಟಿ ಸ್ಟೇಷನ್ನಿನ ಆಚೆಯ ನಳದಿಂದ ತರುತ್ತಿದ್ದರು. ಮುದುಕಿ ಕೊಡ ತುಂಬಿಸುತ್ತಿರುವುದನ್ನು ನೋಡಿ ಗಂಗುಬಾಯಿ ಏನೋ ಅಂದಳು.

"ಏನಂತಾಳ?" ರಾಚವ್ವ ಮೊಮ್ಮಗಳನ್ನು ಕೇಳಿದಳು.

ವಿನೋದಿನಿ ಹಗ್ಗ ಸುತ್ತತೊಡಗಿದಳು.

"ನಿನ್ನ ಕೇಳಿದ್ದು."

"ನಾ ಮೊದಲ ಹೇಳಿದ್ನಲ್ಲ, ಅಂತಾಳ, ಆಯಿ" ಎಂದಳು ಅಜ್ಜಿಗೆ.

"ಏನ್ ಹೇಳಿದ್ಲು?"

"ಬ್ಯಾಸಗ್ಯಾಗ ಖಾರ ಆಗ್ತದ ಅಂತ. ಮನಿ ನೋಡಾಕ ಬಂದಾಗ."

"ಅದು ಖಾರ ಕುಟ್ಟೂ ಮಾತಲ್ಲೇನು?"

"ಅಲ್ಲ. ಮರಾಠಿಯೊಳಗ ಖಾರ ಅಂದ್ರ ಉಪ್ಪು. ನೀ ಸವಳು ಅಂತಿಯಲ್ಲ, ಅದು. ಅಲ್ಲಿ ಖಾಡಿ ಅದ ನೋಡು, ಸಮುದ್ರದ ನೀರು, ಅದು ನೆಲದಾಗಿಂದ ಬರ್ತದಂತ. ಮಳಿ ಬಿದ್ರ ಮತ್ತ ಸಿಹಿ ಆಗ್ತದಂತ. ದರ್ ವರ್ಷ ಹಿಂಗ."

ಬಾವಿ ಜಾತಿ ಬದಲಿಸುತ್ತದೆ ಎಂಬುದು ರಾಚವ್ವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ಅವತ್ತ ನಿನಗ ತಿಳಿದಿತ್ತು?"

"ಹೂಂ."

"ನನಗ್ಯಾಕ ಹೇಳಲಿಲ್ಲ?"

"ಅಪ್ಪಗ ಹೇಳಿದೆ. ಅವತ್ತ ಊಟಕ್ಕ ಕೂತಾಗ. ಅವ್ವ ನಳಕ್ಕ ಹೋಗಿದ್ಲು, ನೀ ಹೊರಗ ಗ್ಯಾಲರಿಯೊಳಗ ಇದ್ದಿ. ನೀ ಒನಕಿ ತೋರಿಸಿದ್ದು ಮಾಡಿ ತೋರಿಸಿದೆ. ಅಪ್ಪ ಭಾಳ ನಕ್ಕ. ಆಮ್ಯಾಲೆ, ಆಯಿ ಮುಂದ ಹೇಳಬ್ಯಾಡ, ಅವ್ವನ ಮುಂದೂ ಬ್ಯಾಡ, ಆಯಿಗಿ ನಾಚಿಕಿ ಆಗ್ತದ, ಅಂದ."

ಆ ಸಂಜೆ ರಾಚವ್ವ ಸೊಸೆಯನ್ನು ಒಲೆಯ ಮುಂದಿನಿಂದ ಎಬ್ಬಿಸಿ ತಾನೇ ಸಾರು ಮಾಡಿದಳು. ಮಗನಿಗೆ ತಾನೇ ಬಡಿಸಿದಳು.

ಬಸವಂತಪ್ಪ ಒಂದು ತುತ್ತು ಉಂಡು, "ಸಾರಿಗಿ ಉಪ್ಪು ಕಮ್ಮಿ ಆಗೇದೇನು?" ಎಂದ.

"ಉಪ್ಪು ಹಾಕೇ ಇಲ್ಲ. ನೀರಾಗಿಂದಽ ಸಾಕಾಗ್ತದ ಅಂತ ಬಿಟ್ಟೆ" ಎಂದಳು ರಾಚವ್ವ. "ಬಸವಂತಾ, ಖಾರ ಅಂದ್ರ ಏನೋ?"

ಬಸವಂತಪ್ಪ ಮಗಳ ಕಡೆ ನೋಡಿದ. ವಿನೋದಿನಿ ತಾಟು ಎತ್ತಿಕೊಂಡು ಬಚ್ಚಲಿಗೆ ಹೋದಳು.

"ಯವ್ವಾ, ನೀ ಸ್ವಲ್ಪ ಸಮಾಧಾನದಿಂದ ಕೇಳು. ವರ್ಷಪೂರ್ತಿ ಸಿಹಿ ನೀರು ಬರೂ ಮನಿ ನಮ್ಮಂಥವರಿಗಿ ಎಲ್ಲಿ ಸಿಗ್ತದ ಮುಂಬೈಯೊಳಗ? ಗೋರೆಗಾಂವ ಮುಂಬೈಗಿ ಸೇರಸ್ತಾರಂತ. ಸೇರಸಿದ ಮ್ಯಾಲೆ ನಳ ಬರ್ತದ. ಒಂದೆರಡು ಬ್ಯಾಸಗಿ ತಡಕೊಂಡ್ರ ಮುಗೀತು."

"ನಾ ಹೊಲ ಮಾರಿದ್ದು ನಳಕ್ಕಲ್ಲ."

"ಚಾಳಿನ ಖೋಲಿಯೊಳಗ ನಾಕು ಮಂದಿ ಹ್ಯಾಂಗ ಇದ್ವಿ ಅಂತ ನೀ ನೋಡಿಲ್ಲೇನು? ಹುಡುಗಿ ದೊಡ್ಡಾಕಿ ಆಗ್ಯಾಳ. ಉಪ್ಪು ಅಂದಿದ್ರ ನೀ ಹೊಲ ಕೊಡ್ತಿದ್ದೇನು?"

"ಇಲ್ಲ."

"ಮತ್ತ?"

"ಮತ್ತ ಸಿಹಿ ಅಂತ ನಂಬಿಸಿದಿ."

ಬಸವಂತಪ್ಪನಿಗೂ ಸಿಟ್ಟು ಬಂತು. "ನಾ ಎಂದಾದ್ರೂ ಸಿಹಿ ಅಂದ್ನೇನು? ಅಂದಾಕಿ ನೀನ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಚಂದ್ರವ್ವ ಆಗ ಮಾತಾಡಿದಳು. ದನಿ ಏರಿಸಲಿಲ್ಲ.

"ಅದಕ್ಕಽ ಶಿವರಾತ್ರಿಗೇ ಸೋಡಾ ತಂದಿಟ್ರಿ."

"ಏ, ನೀ ನಡುವ ಬರಬ್ಯಾಡ."

"ನಡುವ ಕೂತೀನಲ್ರಿ, ಒಂದು ತಿಂಗಳಿಂದ. ಬ್ಯಾಳಿ ಬೇಯಸಾಕ ಬರದಾಕಿ, ಸೊಕ್ಕಿನಾಕಿ. ದಿನಾ ನಾ ಬೈಸ್ಕೊಂಡೆ, ನೀವು ಗೊತ್ತಿದ್ದೂ ತಲಿ ಬಗ್ಗಿಸಿ ಉಂಡ್ರಿ."

"ಹೌದು, ಉಂಡ" ಎಂದಳು ರಾಚವ್ವ.

ಚಂದ್ರವ್ವ ಅತ್ತೆಯ ಕಡೆ ತಿರುಗಿದಳು. "ನೀವೂ ಅಷ್ಟಽ ಅತ್ತಿ. ನೀವು ದಿನಾ ಕುಡಿಯೂ ತೀರ್ಥ ಯಾವ ಬಾವೀದ್ರಿ?"

ರಾಚವ್ವ ಸಾರಿನ ಪಾತ್ರೆಗೆ ಮುಚ್ಚಳ ಮುಚ್ಚಿ ಎದ್ದಳು. ಆ ರಾತ್ರಿ ಆಕೆ ಉಣ್ಣಲಿಲ್ಲ. ಉಣ್ಣಿರಿ ಎಂದು ಯಾರೂ ಕರೆಯಲಿಲ್ಲ.

ಮರುದಿನದಿಂದ ಚಂದ್ರವ್ವ ಮತ್ತು ವಿನೋದಿನಿ ಕೊಡ ಹೊತ್ತು ಹಳಿ ದಾಟಿದರು. ನಳದ ಮುಂದೆ ಮತ್ತೆ ಪಾಳಿ, ಮತ್ತೆ ಕೊಡಗಳ ಜಗಳ, ಪರೇಲಿಗಿಂತ ದೂರ. ಚಂದ್ರವ್ವ ಅಡುಗೆ ದಿನಕ್ಕೆ ಒಂದೇ ಹೊತ್ತು ಮಾಡತೊಡಗಿದಳು. ಬೇಳೆ ಬೆಂದರೂ ಬೆಂದಿತು ಎಂದು ಯಾರೂ ಹೇಳಲಿಲ್ಲ. ತಾಯಿಯ ಕಾಟಕ್ಕೆ ಬಸವಂತಪ್ಪ ಒಂದು ಭಾನುವಾರ ಗ್ರಾಂಟ್ ರೋಡಿಗೆ ಹೋಗಿ ಶಿವಪುತ್ರಪ್ಪನೊಡನೆ ಜಗಳ ತೆಗೆದ.

"ನಾ ಸುಳ್ಳು ಹೇಳೀನೇನ್ರಿ? ಕುಡದು ನೋಡ್ರಿ ಅಂದೆ. ಸಿಹಿ ಅಂದವರು ನಿಮ್ಮ ತಾಯಿಯವರು" ಎಂದ ಶಿವಪುತ್ರಪ್ಪ, ಗಿರಾಕಿಗೆ ತಂಬಿಗೆ ತೂಗಿ ಕೊಡುತ್ತ. ತಾನೇ ತಾಯಿಗೆ ಕೊಟ್ಟ ಉತ್ತರ. ಬಸವಂತಪ್ಪ ಚಹಾ ಕುಡಿದು ತಿರುಗಿ ಬಂದ.

"ಮನಿ ಮಾರು" ಎಂದಳು ರಾಚವ್ವ. "ನನ್ನ ಹೊಲದ ರೊಕ್ಕ ನನಗ ಕೊಡು. ಸಂಗಪ್ಪನ ಕಡೆ ಹೋಗ್ತೀನಿ. ಅಲ್ಲೇ ಒಂದು ತುಂಡು ಭೂಮಿ ನೋಡ್ತಾನ. ನಿಮ್ಮ ಕೂಡ ಇರೂದು ಸಾಕು."

"ಈಗ ಯಾರು ತಗೋತಾರ? ಬಾವಿಗಿ ಬಾಯಿ ಹಚ್ಚಿದ್ರ ಉಗಳ್ತಾರ."

"ಹಂಗಾರ ನನ್ನ ರೊಕ್ಕ?"

ಬಸವಂತಪ್ಪ ದನಿ ತಗ್ಗಿಸಿ ಹೇಳಿದ: "ಮಳಿ ಹೋಗಲಿ. ಕಾರ್ತಿಕದಾಗ ತೋರಸೂಣು."

ರಾಚವ್ವ ಅದಕ್ಕೆ ಬೇಡ ಎನ್ನಲಿಲ್ಲ.

ಜೂನಿನಲ್ಲಿ ಮಳೆ ಹಿಡಿಯಿತು. ಹಿಂಬಾಗಿಲು ಉಬ್ಬಿ ಮುಚ್ಚದಾಯಿತು, ಬಚ್ಚಲ ನೀರು ನಡುಮನೆಗೆ ಬಂತು. ಶ್ರಾವಣದ ಹೊತ್ತಿಗೆ ಬಾವಿ ಸಿಹಿಯಾಯಿತು. ಬೇಳೆ ಬೆಣ್ಣೆಯಂತೆ ಬೇಯತೊಡಗಿತು. ಬಸವಂತಪ್ಪ ಹಿಂಬಾಗಿಲ ಚೌಕಟ್ಟಿಗೆ ಹಸಿರು ಬಣ್ಣ ಬಳಿದ.

ದೀಪಾವಳಿ ಕಳೆದ ಮೇಲೆ ವೆಂಕಟಸುಬ್ಬಯ್ಯ ಎಂಬ ಮೈಸೂರಿನವರು ಹೆಂಡತಿ ಅಲಮೇಲು ಅವರನ್ನು ಕರೆದುಕೊಂಡು ಮನೆ ನೋಡಲು ಬಂದರು. ಫೋರ್ಟ್ ಕಡೆ ವಿಮಾ ಕಚೇರಿಯಲ್ಲಿ ಕೆಲಸ, ದಾದರಿನಲ್ಲಿ ಬಾಡಿಗೆಗಿದ್ದವರು. ಅಂದು ಬೆಳಿಗ್ಗೆ ಬಸವಂತಪ್ಪ ಗಂಗುಬಾಯಿಯ ಕೊಡಗಳನ್ನು ತಾನೇ ತುಂಬಿಸಿ ಅವಳ ಬಾಗಿಲಿಗೆ ಇಟ್ಟು ಬಂದಿದ್ದ, ಅವಳು ಬಾವಿಗೆ ಬರಬಾರದೆಂದು.

"ಈಗ ಬಿಜಾಪುರವೂ ಮೈಸೂರಿಗೆ ಸೇರಿತಲ್ಲ, ನಾವೂ ನೀವೂ ಒಂದೇ ರಾಜ್ಯದವರು" ಎಂದರು ವೆಂಕಟಸುಬ್ಬಯ್ಯ. "ಗುಜರಾತಿಯವರ ಹತ್ತಿರ ಕೊಳ್ಳೋದಕ್ಕಿಂತ ನಮ್ಮವರ ಹತ್ತಿರ ಕೊಳ್ಳೋದು ವಾಸಿ, ಏನೂ ಮುಚ್ಚುಮರೆ ಇರೋದಿಲ್ಲ."

"ಹೌದ್ರಿ" ಎಂದ ಬಸವಂತಪ್ಪ.

ಅಲಮೇಲು ಕಿಟಕಿ ತೆಗೆದು ಗೋಡೆ ನೋಡಿ ಮತ್ತೆ ಮುಚ್ಚಿದರು. ಹಿತ್ತಲಿಗೆ ಬಂದು ಬಾವಿ ನೋಡಿ ಮುಖ ಅರಳಿಸಿದರು. ಕಟ್ಟೆಯ ಮೇಲೆ ರಾಚವ್ವ ಕೂತಿದ್ದಳು. ವಿನೋದಿನಿ ನೀರು ಸೇದಿ ಕೊಟ್ಟಳು. ಅಲಮೇಲು ಗ್ಲಾಸೆತ್ತಿ ಮೇಲಿಂದ ಹೊಯ್ದುಕೊಂಡು ಕುಡಿದರು.

"ಎಷ್ಟು ಚೆನ್ನಾಗಿದೆ ನೀರು. ನಮ್ಮ ಪಕ್ಕದ ಮನೆಯವರು ಹೆದರಿಸಿದ್ದರು, ಗೋರೆಗಾಂವ್ ಕಡೆ ನೀರು ಸರಿಯಿಲ್ಲ ಅಂತ. ವರ್ಷ ಪೂರ್ತಿ ಹೀಗೇ ಇರುತ್ತಾ ಅಜ್ಜಿ? ನೀವು ಹಿರಿಯರು, ನಿಮ್ಮ ಬಾಯಿಂದ ಒಂದು ಮಾತು ಹೇಳಿಬಿಡಿ. ನನಗೆ ಅಷ್ಟು ಸಾಕು."

ಬಸವಂತಪ್ಪ ಹಗ್ಗ ಸುತ್ತುತ್ತ ರಾಟೆಯ ಕಡೆ ನೋಡುತ್ತಿದ್ದ. ಚಂದ್ರವ್ವ ಹಸಿರು ಚೌಕಟ್ಟಿನ ಬಾಗಿಲಲ್ಲಿ ನಿಂತು ಅತ್ತೆಯನ್ನೇ ನೋಡುತ್ತಿದ್ದಳು.

ರಾಚವ್ವ ಸೆರಗು ಸರಿಪಡಿಸಿಕೊಂಡಳು. ಆಮೇಲೆ ಹೇಳಿದಳು: "ಬ್ಯಾಸಗ್ಯಾಗ ಖಾರ ಆಗ್ತದವ್ವಾ."

ಬಸವಂತಪ್ಪನ ಕೈ ಹಗ್ಗದ ಮೇಲೆ ನಿಂತಿತು.

"ಖಾರವಾ?" ಅಲಮೇಲು ಹುಬ್ಬೇರಿಸಿದರು. ಆಮೇಲೆ ನಕ್ಕರು. "ಓ, ಮೆಣಸಿನಪುಡಿ. ನಿಮ್ಮ ಕಡೆಯವರು ಬೇಸಿಗೇಲಿ ಮನೇಲೇ ಕುಟ್ಟಿಡ್ತೀರಂತೆ, ಕೇಳಿದ್ದೀನಿ. ಅದೇ ತಾನೆ ಅಜ್ಜಿ?"

ರಾಚವ್ವನ ಕೈಗಳು ಮಡಿಲಿನಲ್ಲಿದ್ದವು. ಆಕೆ ಸೊಸೆಯ ಕಡೆ ನೋಡಿದಳು. ಚಂದ್ರವ್ವ ತಿರುಗಿ ಒಳಗೆ ಹೋದಳು. ಒಲೆಯ ಮೇಲೆ ಬೇಳೆ ಇತ್ತು. ರಾಚವ್ವ ಎರಡೂ ಕೈಗಳನ್ನು ಮೆಲ್ಲಗೆ ಎತ್ತಿ, ಒನಕೆ ಎತ್ತಿ ಹಾಕುವಂತೆ ಮಾಡಿ ತೋರಿಸಿದಳು.

"ನನಗೂ ಕಲಿಸಿಕೊಡಬೇಕು ನೀವು" ಎಂದು ಅಲಮೇಲು ಇನ್ನೊಂದು ಗ್ಲಾಸು ನೀರು ಕೇಳಿದರು.

ವಿನೋದಿನಿ ಕೊಡ ಮುಟ್ಟಲಿಲ್ಲ. ರಾಚವ್ವನೇ ಎದ್ದು ಸೇದಿದಳು.